ತಲೆಯೇ ಮೌಸ್: ಈವಯಾಕ್ಯಾಮ್ ಜೊತೆ ನಾಲ್ಕು ವರ್ಷ

ಅಡಿಕೆ ಮರದಿಂದ ಬಿದ್ದು ಕುತ್ತಿಗೆ ಮೂಳೆ ಮುರಿದ ಮೇಲೆ ಬೆರಳುಗಳು ನನ್ನ ಮಾತು ಕೇಳುವುದಿಲ್ಲ. ತಲೆ ಮಾತ್ರ ನಾಲ್ಕೂ ದಿಕ್ಕಿಗೆ ಸರಾಗವಾಗಿ ತಿರುಗುತ್ತದೆ. ಅದನ್ನೇ ಮೌಸ್ ಮಾಡಿಕೊಂಡು ನಾಲ್ಕು ವರ್ಷವಾಯಿತು. ಇದಕ್ಕಾಗಿ ಒಂದು ಪೈಸೆಯೂ ಖರ್ಚಾಗಿಲ್ಲ.

ಈವಯಾಕ್ಯಾಮ್ ಸ್ಪೇನ್‌ನಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತದೆ. ಹಣೆಗೆ ಚುಕ್ಕಿ ಅಂಟಿಸುವುದು, ತಲೆಗೆ ಪಟ್ಟಿ ಕಟ್ಟುವುದು ಏನೂ ಇಲ್ಲ. ಲ್ಯಾಪ್‌ಟಾಪಿನ ವೆಬ್‌ಕ್ಯಾಮ್ ನೋಡುತ್ತಿರುತ್ತದೆ, ಮುಖ ಸರಿದತ್ತ ಪರದೆಯ ಮೇಲಿನ ಮೌಸ್ ಬಾಣ ಸರಿಯುತ್ತದೆ. ಬಾಣವನ್ನು ಒಂದೆಡೆ ಅಲುಗದಂತೆ ನಿಲ್ಲಿಸಿದರೆ ಕ್ಲಿಕ್. ರೈಟ್ ಕ್ಲಿಕ್, ಡಬಲ್ ಕ್ಲಿಕ್, ಎಳೆಯುವುದು ಬೇಕಿದ್ದರೆ ಪರದೆಯ ಅಂಚಿನ ಪಟ್ಟಿಯಲ್ಲಿ ಮೊದಲು ಆರಿಸಿಕೊಳ್ಳಬೇಕು.

ಮೊದಲ ವಾರ ಅಳುವೇ ಬಂತು. ಓದೋಣವೆಂದು ತಲೆ ನಿಲ್ಲಿಸಿದರೆ ಸಾಕು, ಬಾಣದ ಕೆಳಗೆ ಸಿಕ್ಕಿದ ಜಾಹೀರಾತೆಲ್ಲ ತೆರೆದುಕೊಳ್ಳುತ್ತಿತ್ತು. ಅದೇ ಪಟ್ಟಿಯಲ್ಲಿ ಕ್ಲಿಕ್ ಬೇಡ ಎನ್ನುವ ಗುಂಡಿಯೂ ಇದೆ ಎಂದು ತಿಳಿದದ್ದು ಆಮೇಲೆ. ಈಗ ನಿಲುಗಡೆಯ ಸಮಯ ಒಂದು ಸೆಕೆಂಡಿಗಿದೆ. ಅಡ್ಡ ಚಲನೆಗಿಂತ ಮೇಲೆ ಕೆಳಗಿನ ವೇಗವನ್ನು ತುಸು ಹೆಚ್ಚಿಟ್ಟಿದ್ದೇನೆ. ಗದ್ದ ಎತ್ತುವುದು ನನಗೆ ತಲೆ ತಿರುಗಿಸುವುದಕ್ಕಿಂತ ಕಷ್ಟ.

ಕನ್ನಡ ಬರೆಯುವುದಂತೂ ಪ್ರತ್ಯೇಕ ತಪಸ್ಸು. ವಿಂಡೋಸ್‌ನ ಪರದೆ ಕೀಲಿಮಣೆಯಲ್ಲಿ ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀಲಿ ವಿನ್ಯಾಸ ಹಾಕಿಕೊಂಡಿದ್ದೇನೆ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಸ, ಹಲಂತ (ಒತ್ತಕ್ಷರ ಕೂಡಿಸುವ ಚಿಹ್ನೆ), ತ, ಹಲಂತ, ರ, ಈ ಕಾರದ ಗುಣಿತ, ಒಟ್ಟು ಆರು ಬಾರಿ ತಲೆ ನಿಲ್ಲಿಸಬೇಕು. ಒತ್ತಕ್ಷರವಿಲ್ಲದ ಪದವನ್ನೇ ಹುಡುಕಿ ಬರೆಯುವ ಚಟ ನನಗೆ ಹತ್ತಿದ್ದು ಹೀಗೆ. ಉದ್ದದ ಬರಹವಾದರೆ ಗೂಗಲ್ ಡಾಕ್ಸ್‌ನ ಧ್ವನಿ ಟೈಪಿಂಗ್. 2017ರಿಂದ ಗೂಗಲ್‌ನ ಧ್ವನಿ ಟೈಪಿಂಗಿಗೆ ಕನ್ನಡವೂ ಬರುತ್ತದೆ. ಅದು ಸಾಲುಗಳನ್ನು ಸುರಿದು ಕೊಡುತ್ತದೆ, ಪೂರ್ಣವಿರಾಮ ಮತ್ತು ಅಲ್ಪವಿರಾಮ ಮಾತ್ರ ಕೈಯಾರೆ (ಅಂದರೆ ತಲೆಯಾರೆ) ಹಾಕಬೇಕು.

ಬೆಳಕಿನ ವಿಷಯ ಹೇಳಲೇಬೇಕು. ಮಲೆನಾಡಿನ ಮಳೆಗಾಲದಲ್ಲಿ ನಮ್ಮ ಒಳಮನೆ ಮಧ್ಯಾಹ್ನಕ್ಕೇ ಕತ್ತಲು. ಮುಖ ಸರಿಯಾಗಿ ಕಾಣದಿದ್ದರೆ ಬಾಣ ಕುಡಿದವರಂತೆ ತೂರಾಡುತ್ತದೆ. ಬೆನ್ನ ಹಿಂದೆ ಕಿಟಕಿ ಇದ್ದರೂ ಅದೇ ಕತೆ. ಮುಖದ ಎದುರಿಗೆ ಒಂದು ಎಲ್‌ಇಡಿ ದೀಪ ಇಟ್ಟ ಮೇಲೆ ಈ ರಗಳೆ ಕಡಿಮೆಯಾಯಿತು. ಇನ್ನೊಂದು ತಮಾಷೆ: ಅಮ್ಮ ಕಾಫಿ ಕುಡಿಸಲು ಬಗ್ಗಿದರೆ ಬಾಣ ಕೆಲವೊಮ್ಮೆ ನನ್ನನ್ನು ಬಿಟ್ಟು ಅವಳ ಹಿಂದೆ ಹೋಗುತ್ತದೆ. “ನೋಡು, ನಿನ್ನ ಕಂಪ್ಯೂಟರಿಗೂ ನಾನೇ ಬೇಕು” ಅನ್ನುತ್ತಾಳೆ.

ಕುತ್ತಿಗೆ ನೋವು ಸುಳ್ಳಲ್ಲ. ಶುರುವಿನಲ್ಲಿ ಮೂರು ಗಂಟೆ ಒಂದೇ ಸಮ ಕೂತು ಎರಡು ದಿನ ಮಲಗಿದ್ದೆ. ಈಗ ನಲವತ್ತು ನಿಮಿಷಕ್ಕೊಮ್ಮೆ ಬಿಡುವು. ಬ್ರೌಸರಿನ ಅಕ್ಷರ ದೊಡ್ಡದು ಮಾಡಿಕೊಂಡರೆ ಗುಂಡಿಗಳೂ ದೊಡ್ಡವಾಗಿ ಅರ್ಧ ಶ್ರಮ ಉಳಿಯುತ್ತದೆ.

ತಲೆಯನ್ನೂ ಆಡಿಸಲಾಗದವರಿಗೆ ಇದು ಆಗಿಬರುವುದಿಲ್ಲ. ಅವರಿಗೆ ಕಣ್ಣಿನ ಚಲನೆ ಹಿಡಿಯುವ ಸಾಧನವೇ ಬೇಕು. ವಿಂಡೋಸ್ 10ರಲ್ಲಿ 2017ರಿಂದ ಅದಕ್ಕೆ ಅನುಕೂಲವಿದೆ, ಯಂತ್ರವನ್ನು ಮಾತ್ರ ಬೇರೆ ಕೊಳ್ಳಬೇಕು. ಕುತ್ತಿಗೆ ಗಟ್ಟಿ ಇರುವವರು ಖರ್ಚಿಗೆ ಇಳಿಯುವ ಮೊದಲು ಇದನ್ನು ಒಂದು ತಿಂಗಳು ನೋಡಿ. ಒಂದು ವಾರಕ್ಕೇ ಬೈದು ಬಿಡಬೇಡಿ, ನಾನೂ ಬೈದಿದ್ದೆ.

ಕಂಪ್ಯೂಟರ್ ಆನ್ ಆದೊಡನೆ ಈವಯಾಕ್ಯಾಮ್ ತಾನೇ ಶುರುವಾಗುವಂತೆ ಇಟ್ಟುಕೊಂಡಿದ್ದೇನೆ. ಆದರೂ ಲ್ಯಾಪ್‌ಟಾಪ್ ಮಡಚಿಟ್ಟರೆ ತೆರೆಯಲು ಇನ್ನೊಬ್ಬರ ಕೈಯೇ ಬೇಕು. ಹಾಗಾಗಿ ನಮ್ಮ ಮನೆಯಲ್ಲಿ ಅದನ್ನು ಮಡಚುವ ಪದ್ಧತಿಯೇ ಇಲ್ಲ.