ಐದು ಸೀಟಿನ ಕಾರು, ಎರಡು ಮಕ್ಕಳ ಸೀಟು, ಒಬ್ಬ ಅಜ್ಜಿ: ಬುಕಿಂಗ್‌ಗೆ ಮೊದಲು ಓದಿ

ವಿಜಯಪುರದ ಒಂದು ಮನೆಯಲ್ಲಿ ಆದದ್ದು ಇದು. ಇನ್ನೊಂದು ಮನೆಯಲ್ಲಿ ಆಗಬಾರದು ಅಂತ ಬರೆಯುತ್ತಿದ್ದೇನೆ. ಗಂಡ, ಹೆಂಡತಿ, ಮೂರೂವರೆ ವರ್ಷದ ಮಗಳು, ಒಂಬತ್ತು ತಿಂಗಳ ಮಗ, ಜೊತೆಗೆ ಅಜ್ಜಿ. ಮಂದಿ ಐವರು, ಕಾರಿಗೂ ಐದೇ ಸೀಟು. ಉದ್ದ ನಾಲ್ಕು ಮೀಟರ್ ಒಳಗಿನ ಎಸ್‌ಯುವಿ ತಗೊಂಡರು. ಮಕ್ಕಳ ಸೀಟಿನ ಬಗ್ಗೆ ಕೇಳಿದಾಗ ಶೋರೂಮಿನವರು ಹೇಳಿದ್ದು: “ಐಸೋಫಿಕ್ಸ್ ಐತ್ರಿ ಸರ, ಏನೂ ಕಾಳಜಿ ಮಾಡಬ್ಯಾಡ್ರಿ.” ಪಾಸಿಂಗ್ ಆಗಿ ಕೆಎ-28 ನಂಬರ್ ಬಿದ್ದ ಮೇಲೆ ಎರಡು ಮಕ್ಕಳ ಸೀಟು ತರಿಸಿ ಕೂರಿಸಿದರು. ನಡುವೆ ಅಜ್ಜಿಗೆ ಜಾಗವೇ ಉಳಿಯಲಿಲ್ಲ. ಸೊಲ್ಲಾಪುರಕ್ಕೆ ಹೊರಟಾಗ ಒಂದು ಸೀಟು ಕಳಚಿ ಮನೆಯಲ್ಲೇ ಬಿಟ್ಟರು, ತಾಯಿ ಕೂಸನ್ನು ತೊಡೆ ಮೇಲೆ ಹಾಕಿಕೊಂಡು ಮುಂದೆ ಕೂತರು.

ಕೂಸಿಗೆ ಇಡೀ ಕಾರಿನಲ್ಲಿ ಅದಕ್ಕಿಂತ ಅಪಾಯದ ಜಾಗವಿಲ್ಲ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಗುದ್ದಿದರೂ 10 ಕೆ.ಜಿ. ತೂಕದ ಮಗು ಆ ಕ್ಷಣಕ್ಕೆ 200 ಕೆ.ಜಿ.ಗೂ ಮಿಕ್ಕಿದ ಭಾರವಾಗುತ್ತದೆ. ಎಂಥ ಗಟ್ಟಿ ಕೈಯಾದರೂ ಹಿಡಿಯಲಾರದು. ಎದುರಿನಿಂದ ಏರ್‌ಬ್ಯಾಗ್ ಸಿಡಿದರೆ ನಡುವೆ ಸಿಗುವುದು ಕೂಸಿನ ತಲೆ. ಕೊನೆಗೆ ಆ ಕಾರನ್ನು ವರ್ಷ ತುಂಬುವ ಮೊದಲೇ ನಷ್ಟಕ್ಕೆ ಮಾರಬೇಕಾಯಿತು.

ಜಾಗ ಏಕೆ ಸಾಲಲಿಲ್ಲ? ಐಸೋಫಿಕ್ಸ್ ಎಂದರೆ ಮಕ್ಕಳ ಸೀಟನ್ನು ಸಿಕ್ಕಿಸಲು ಹಿಂದಿನ ಸೀಟಿನ ಕೂರುವ ಭಾಗ ಮತ್ತು ಬೆನ್ನಿನ ಸಂದಿಯಲ್ಲಿರುವ ಎರಡು ಕಬ್ಬಿಣದ ಕಂಬಿ, ಒಂದರಿಂದ ಇನ್ನೊಂದಕ್ಕೆ 280 ಮಿ.ಮೀ. ಹೆಚ್ಚಿನ ಕಾರುಗಳಲ್ಲಿ ಇವು ಎಡ ಮತ್ತು ಬಲ ತುದಿಯ ಸೀಟಿಗೆ ಮಾತ್ರ, ನಡುವಿನದಕ್ಕೆ ಇರುವುದಿಲ್ಲ. ಮಕ್ಕಳ ಸೀಟಿನ ಅಗಲ ಸುಮಾರು 44 ಸೆಂ.ಮೀ. ಕಂಬಿ ಎಲ್ಲಿದೆಯೋ ಅಲ್ಲೇ ಅದು ಕೂರಬೇಕು, ಬಾಗಿಲ ಕಡೆ ಸರಿಸಲು ಬರುವುದಿಲ್ಲ. ಬಾಗಿಲ ಪಕ್ಕ ನಾಲ್ಕು ಬೆರಳು ಜಾಗ ಖಾಲಿ ಬಿದ್ದಿದ್ದರೂ ನಡುವೆ ಕೂತವರಿಗೆ ಅದರಿಂದ ಪ್ರಯೋಜನವಿಲ್ಲ. ಇನ್ನೂ ಕೆಟ್ಟದ್ದೆಂದರೆ, ನಡುವಿನ ಬೆಲ್ಟಿನ ಬಕಲ್ ಮಕ್ಕಳ ಸೀಟಿನ ತಳದಲ್ಲಿ ಹೂತುಹೋಗುತ್ತದೆ. ಅಜ್ಜಿ ಹೇಗೋ ತೂರಿಕೊಂಡು ಕೂತರೂ ಬೆಲ್ಟ್ ಹಾಕಿಕೊಳ್ಳಲಾಗದು.

“ಹಂಗಾದ್ರ ದೊಡ್ಡ ಗಾಡಿ ತಗೋರಿ” ಅನ್ನುವವರು ಒಂದು ಅಳತೆ ನೋಡಬೇಕು. ಮಾರುತಿಯ ಸಣ್ಣ ಎಸ್‌ಯುವಿ ಬ್ರೆಝಾ 3,995 ಮಿ.ಮೀ. ಉದ್ದ, 1,790 ಅಗಲ. ಅದಕ್ಕಿಂತ ದೊಡ್ಡದಾದ ಹ್ಯುಂಡೈ ಕ್ರೆಟಾ 4,330 ಉದ್ದ, ಅಗಲ ಮಾತ್ರ ಅದೇ 1,790. ಹೆಚ್ಚು ದುಡ್ಡು ಕೊಟ್ಟರೆ ಕಾಲು ಚಾಚಲು ಜಾಗ ಸಿಗುತ್ತದೆ, ಸಾಮಾನಿಡುವ ಡಿಕ್ಕಿ ದೊಡ್ಡದಾಗುತ್ತದೆ, ಅವೂ ಬೇಕಾದವೇ. ಆದರೆ ಹಿಂದೆ ಮೂವರು ಕೂರುವ ಪ್ರಶ್ನೆಗೆ ಉದ್ದ ಉತ್ತರವಲ್ಲ. ಇಂಥ ಮನೆಗೆ ನಿಜವಾದ ದಾರಿ ಎಂದರೆ ಅಜ್ಜಿ ಮುಂದೆ, ತೆಳ್ಳಗಿನ ದೊಡ್ಡವರು ನಡುವೆ, ಮಕ್ಕಳ ಸೀಟುಗಳಲ್ಲಿ ಒಂದನ್ನಾದರೂ ಐಸೋಫಿಕ್ಸ್ ಬದಲು ಕಾರಿನ ಮೂರು ಬಿಂದುವಿನ (ಭುಜ, ಸೊಂಟ ಎರಡನ್ನೂ ಹಿಡಿಯುವ) ಬೆಲ್ಟಿನಿಂದ ಕಟ್ಟುವುದು. ಬೆಲ್ಟಿನಲ್ಲಿ ಕಟ್ಟಿದ್ದನ್ನು ಬಾಗಿಲ ಕಡೆಗೆ ತುಸು ಒತ್ತಿ ಕೂರಿಸಬಹುದು. ಅದೂ ಆಗದಿದ್ದರೆ ಮೂರು ಸಾಲಿನ ಗಾಡಿಯನ್ನೇ ನೋಡಿ.

ಎರಡನೇ ಸಂಕಟ ಸಣ್ಣ ಕೂಸಿನದು. ಕನಿಷ್ಠ 15 ತಿಂಗಳವರೆಗೆ, ಸಾಧ್ಯವಾದರೆ ಇನ್ನೂ ಹೆಚ್ಚು ಕಾಲ, ಮಗುವನ್ನು ಹಿಮ್ಮುಖವಾಗಿಯೇ, ಅಂದರೆ ಮುಖ ಕಾರಿನ ಹಿಂಬದಿಗೆ ಬರುವಂತೆ, ಕೂರಿಸಬೇಕು. ಹಿಮ್ಮುಖ ಸೀಟು ಮುಂದಿನ ಸೀಟಿನ ಬೆನ್ನಿನತ್ತ ಚಾಚುತ್ತದೆ. ಎತ್ತರದ ಚಾಲಕನ ಹಿಂದೆ ಹಾಕಿದರೆ ಸ್ಟಿಯರಿಂಗ್ ಎದೆಗೆ ತಾಗುವಷ್ಟು ಹತ್ತಿರ ಬರುತ್ತದೆ. ಅದಕ್ಕೇ ಅದನ್ನು ಎಡಕ್ಕೆ ಹಾಕಿ. ಮಗುವನ್ನು ಇಳಿಸುವುದೂ ಆಗ ರಸ್ತೆ ಕಡೆಗಲ್ಲ, ಅಂಚಿನ ಕಡೆಗೆ. ಹಿಂದಿನ ಎಸಿ ವೆಂಟ್ ಇದೆ ಅಂತ ನಂಬಬೇಡಿ: ಗಾಳಿ ಬಡಿಯುವುದು ಹಿಮ್ಮುಖ ಸೀಟಿನ ಬೆನ್ನಿಗೆ, ಕೂಸಿನ ಮುಖಕ್ಕಲ್ಲ. ನಮ್ಮ ಕಡೆ ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟಿದಾಗ ಇದು ಸಣ್ಣ ಮಾತಲ್ಲ, ಮೇಲಾಗಿ ಹಿಂದಿನ ಗಾಜಿನ ಬಿಸಿಲು ನೇರ ಮುಖಕ್ಕೆ. ಟೆಸ್ಟ್ ಡ್ರೈವನ್ನು ಮಧ್ಯಾಹ್ನ ಎರಡಕ್ಕೇ ಕೇಳಿ, ಸೀಟು ಹಾಕಿಸಿ, ಕೂಸಿನ ತಲೆ ಬರುವ ಜಾಗದಲ್ಲಿ ಕೈ ಇಟ್ಟು ಗಾಳಿ ನೋಡಿ. ನಿಲ್ಲಿಸಿದ ಕಾರಿನಲ್ಲಿ ಹತ್ತೇ ನಿಮಿಷದಲ್ಲಿ ಒಳಗಿನ ಬಿಸಿ ಸುಮಾರು 10 ಡಿಗ್ರಿ ಏರುತ್ತದೆ. “ಈಗ ಬಂದೆ” ಅಂತ ಮಗುವನ್ನು ಬಿಟ್ಟು ಇಳಿಯಲೇಬೇಡಿ.

ಬುಕಿಂಗ್ ದುಡ್ಡು ಕೊಡುವ ಮೊದಲು ಮಕ್ಕಳ ಸೀಟು, ಮಡಚುವ ತಳ್ಳುಗಾಡಿ, ಅಜ್ಜಿ, ಎಲ್ಲವನ್ನೂ ಎಲ್ಲರನ್ನೂ ಶೋರೂಮಿಗೆ ಕರೆದೊಯ್ಯಿರಿ. ನೀವು ಕೊಳ್ಳುವ ವೇರಿಯಂಟನ್ನೇ ತೋರಿಸಲು ಹೇಳಿ. ಪ್ರದರ್ಶನಕ್ಕೆ ನಿಲ್ಲಿಸಿರುವುದು ಸಾಮಾನ್ಯವಾಗಿ ಟಾಪ್ ಮಾಡೆಲ್. ಕೆಳಗಿನ ವೇರಿಯಂಟ್‌ನಲ್ಲಿ ನಡುವಿನ ಹೆಡ್‌ರೆಸ್ಟ್, ಹಿಂದಿನ ವೆಂಟ್, 60:40 ಮಡಚುವ (ಎರಡು ಭಾಗವಾಗಿ ಬೇರೆ ಬೇರೆ ಮಡಚುವ) ಸೀಟು ಇಲ್ಲದಿರಬಹುದು. ಹಿಂದಿನ ಹೆಡ್‌ರೆಸ್ಟ್ ತೆಗೆಯಲು ಬರದಂತಿದ್ದರೆ ಎತ್ತರದ ಬೆನ್ನಿನ ಮಕ್ಕಳ ಸೀಟು ಅದಕ್ಕೆ ತಾಗಿ ಮುಂದಕ್ಕೆ ವಾಲುತ್ತದೆ. ಸೀಟು ಕಟ್ಟಿದ ಮೇಲೆ ತಳದಲ್ಲಿ, ಬೆಲ್ಟ್ ಹಾಯುವ ಕಡೆ ಹಿಡಿದು ಅಲ್ಲಾಡಿಸಿ. 2.5 ಸೆಂ.ಮೀ.ಗಿಂತ ಹೆಚ್ಚು ಅಲ್ಲಾಡಬಾರದು. ಮುಮ್ಮುಖ ಸೀಟಿನ ಮೇಲಿನ ಪಟ್ಟಿಯ ಕೊಕ್ಕೆಯನ್ನು ಅದಕ್ಕೆಂದೇ ಇರುವ ಟಾಪ್ ಟೆದರ್ ಎಂಬ ಕಂಬಿಗೇ ಹಾಕಬೇಕು. ಡಿಕ್ಕಿಯಲ್ಲಿ ಸಾಮಾನು ಕಟ್ಟುವ ಕೊಕ್ಕೆಯೂ ಅದೇ ಥರ ಕಾಣುತ್ತದೆ, ಆದರೆ ಅದು ಆ ಭಾರ ತಡೆಯುವುದಿಲ್ಲ. ಯಾವುದು ಯಾವುದೆಂದು ಕಾರಿನ ಕೈಪಿಡಿಯಲ್ಲಿ ನೋಡಿ. ಮಕ್ಕಳ ಸೀಟಿಗೆ ಕಾರಿನ ನೆಲಕ್ಕೆ ಊರುವ ಊರುಗಾಲಿದ್ದರೆ ಅದರ ಕೆಳಗೆ ನೆಲದಡಿಯ ಪೆಟ್ಟಿಗೆ ಇರಬಾರದು.

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಬಟ್ಟೆಯ ಪಟ್ಟಿ-ದಿಂಬು ಮಕ್ಕಳ ಸೀಟಲ್ಲ. ಮಕ್ಕಳ ಸೀಟಿನ ಸುರಕ್ಷತಾ ಮಾನದಂಡವಾದ ಇಸಿಇ ಆರ್44/04 ಅಥವಾ ಆರ್129 ಎಂಬ ಲೇಬಲ್, ವೃತ್ತದೊಳಗೆ ಇ ಗುರುತು ಇದ್ದರೆ ಮಾತ್ರ ತಗೊಳ್ಳಿ.

ಸ್ಟಾರ್ ನೋಡಿ ಮಾರುಹೋಗುವವರಿಗೆ: ಕಾರನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ, 2023ರ ಅಕ್ಟೋಬರ್‌ನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರಿಗೆ 32 ಅಂಕ, ಮಕ್ಕಳಿಗೆ 49 ಅಂಕ ಬೇರೆ ಬೇರೆ. ಮಕ್ಕಳ ಅಂಕ ಕೇಳಿ ಪಡೆಯಿರಿ. ಅದರಲ್ಲಿ ದೊಡ್ಡ ಪಾಲು 18 ತಿಂಗಳು ಮತ್ತು 3 ವರ್ಷದ ಮಗುವಿನ ಗೊಂಬೆಗಳನ್ನು ಸರಿಯಾದ ಸೀಟಿನಲ್ಲಿ ಕಟ್ಟಿ ಪರೀಕ್ಷಿಸಿ ಕೊಟ್ಟ ಅಂಕ. ತೊಡೆ ಮೇಲಿನ ಕೂಸಿಗೆ ಆ ಸ್ಟಾರ್ ಅನ್ವಯಿಸುವುದಿಲ್ಲ. 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 1,000 ರೂಪಾಯಿ ದಂಡವೂ ಇದೆ.

ಇನ್ನು ಕಿಟಕಿ. ಅಡಚಣೆ ಸಿಕ್ಕರೆ ತಾನೇ ಕೆಳಗಿಳಿಯುವ ಗಾಜು ಹಲವು ಕಾರುಗಳಲ್ಲಿ ಚಾಲಕನ ಬಾಗಿಲಿಗೆ ಮಾತ್ರ. ಟವೆಲ್ ಸುರುಳಿ ಮಾಡಿ ಹಿಂದಿನ ಕಿಟಕಿಯ ಅಂಚಿನಲ್ಲಿಟ್ಟು ಗಾಜು ಏರಿಸಿ ನೋಡಿ. ಗಾಜು ನಿಲ್ಲದೆ ಟವೆಲ್ಲನ್ನು ಅಮುಕಿದರೆ ಆ ಕಾರಿನಲ್ಲಿ ಚಾಲಕನ ಬಾಗಿಲಲ್ಲಿರುವ ವಿಂಡೋ ಲಾಕ್ ಗುಂಡಿ ಯಾವಾಗಲೂ ಒತ್ತಿಯೇ ಇರಬೇಕು, ಹಿಂದಿನ ಬಾಗಿಲುಗಳ ಅಂಚಿನ ಚೈಲ್ಡ್ ಲಾಕ್ ಸಹ ಹಾಕಿರಬೇಕು.