ಇನ್ಫಾರ್ಮ್ಡ್ ಸ್ಪೋರ್ಟ್ ಬ್ಯಾಚ್ ಸರ್ಚ್: ಡಬ್ಬಿ ಓಪನ್ ಮಾಡೋಕ್ ಮುಂಚೆ ಒಂದ್ಸಲ ನೋಡಿ
ಕಾಂಪಿಟಿಷನ್‌ಗೆ ಇಳಿಯೋರು ಪ್ರೋಟೀನು, ಪ್ರೀ-ವರ್ಕೌಟ್ ಅಂತ ಏನೇ ತಗೊಳ್ತಿದ್ರೂ ದಯವಿಟ್ಟು ಸಪ್ಲಿಮೆಂಟ್ ಟೆಸ್ಟ್ ಮಾಡಿ ಸರ್ಟಿಫೈ ಮಾಡೋ ಇನ್ಫಾರ್ಮ್ಡ್ ಸ್ಪೋರ್ಟ್‌ನ ಈ ಸರ್ವೀಸ್ ಬಳಸಿ. ಇವರ ಲೋಗೋ ಇರೋ ಸಪ್ಲಿಮೆಂಟಿನ ಪ್ರತಿ ಬ್ಯಾಚೂ ಮಾರಾಟಕ್ಕೆ ಬರೋಕ್ ಮುಂಚೆ ನಿಷೇಧಿತ ಪದಾರ್ಥ ಇದ್ಯಾ ಅಂತ ಲ್ಯಾಬಲ್ಲಿ ಟೆಸ್ಟ್ ಆಗುತ್ತೆ, ವೆಬ್‌ಸೈಟಲ್ಲಿ ಬ್ಯಾಚ್ ನಂಬರ್ ಫ್ರೀಯಾಗಿ ಹುಡುಕ್ಬಹುದು.

ನನ್ನ ಡಬ್ಬಿ ತಳದಲ್ಲಿ ನಂಬರ್ ಅರ್ಧ ಅಳಿಸ್ಹೋಗಿತ್ತು, ಮೊಬೈಲ್ ಟಾರ್ಚ್ ಹಾಕಿ ಓರೆಯಾಗಿ ಹಿಡಿದು ಓದ್ದೆ, ಸಿಕ್ತು, ಸಮಾಧಾನ ಆಯ್ತು. ಇನ್ನೊಂದು ಕಂಪನಿ ಡಬ್ಬಿ ಲಿಸ್ಟಲ್ಲೇ ಇಲ್ಲ, ಲೇಬಲ್ ಮೇಲೆ ಬರೀ 'ಪ್ರೊಪ್ರೈಟರಿ ಬ್ಲೆಂಡ್', ಯಾವುದು ಎಷ್ಟು ಮಿಲಿಗ್ರಾಂ ಅಂತ ಸುಳಿವೇ ಇಲ್ಲ. ಅದನ್ನ ಸೀದಾ ವಾಪಸ್ ಕಳಿಸ್ದೆ.

ಇಷ್ಟೊಂದು ಭಯ ಯಾಕೆ ಅಂದ್ರೆ, ವಾಡಾ (ಆಟಗಾರರ ಡೋಪಿಂಗ್ ತಡೆಯೋ ವಿಶ್ವ ಸಂಸ್ಥೆ) ರೂಲ್ ಪ್ರಕಾರ ಮೈಯಲ್ಲಿ ಯಾವ ನಿಷೇಧಿತ ಪದಾರ್ಥ ಸಿಕ್ಕಿದ್ರೂ ಹೊಣೆ ಆಟಗಾರಂದೇ. ಅಮೆರಿಕದ ಈಜುಗಾರ್ತಿ ಜೆಸ್ಸಿಕಾ ಹಾರ್ಡಿ 2008ರಲ್ಲಿ ಕ್ಲೆನ್‌ಬ್ಯುಟೆರಾಲ್ ಅನ್ನೋ ನಿಷೇಧಿತ ಔಷಧಕ್ಕೆ ಪಾಸಿಟಿವ್ ಬಂದ್ರು, ಸಪ್ಲಿಮೆಂಟಲ್ಲಿ ಬೆರಕೆಯಾಗಿತ್ತು ಅನ್ನೋ ವಾದಕ್ಕೆ ಶಿಕ್ಷೆ ಕಮ್ಮಿ ಆದ್ರೂ ಒಂದು ವರ್ಷ ಬ್ಯಾನ್ ತಪ್ಪಲಿಲ್ಲ, ಬೀಜಿಂಗ್ ಒಲಿಂಪಿಕ್ಸೂ ಕೈಬಿಟ್ಟು ಹೋಯ್ತು. ಅಷ್ಟು ವರ್ಷದ ಬೆವರು ಒಂದು ಪುಡಿಗೆ ಹೋಗೋದು ನೆನೆದ್ರೆ ಹೊಟ್ಟೆ ಉರಿಯುತ್ತೆ.

ಕೊರತೆ ಅಂದ್ರೆ ಲೋಗೋ ನೋಡಿ ಸುಮ್ನಾಗೋ ಹಾಗಿಲ್ಲ, ಹೊಸ ಡಬ್ಬಿ ತಂದಾಗೆಲ್ಲ ನಂಬರ್ ಮತ್ತೆ ಹಾಕಿ ನೋಡ್ಬೇಕು. ಖಾಲಿ ಡಬ್ಬಿ ಫೋಟೋ, ಬಿಲ್ಲು ಎರಡೂ ಎತ್ತಿಟ್ಕೊಳ್ಳಿ.