ಸುಟ್ಟ ನೆಗೆಟಿವ್, ಬಚ್ಚಿಟ್ಟ ಟೇಪು: ಮರುಮುದ್ರಣದ ಎಲ್‌ಪಿ ಮತ್ತು ಸಿನಿಮಾ ಡಿಸ್ಕ್, ಬಹುಕಾಲದ ಬಳಕೆಯ ನಂತರ

ಮೊದಲೇ ಹೇಳಿಬಿಡುತ್ತೇನೆ. ಕೈಯಲ್ಲಿರುವ ದುಡ್ಡು ಎರಡರಲ್ಲಿ ಒಂದಕ್ಕಷ್ಟೇ ಸಾಲುತ್ತದೆ ಅಂತಾದರೆ ಸಿನಿಮಾ ಡಿಸ್ಕ್ ತಗೊಳ್ಳಿ. ಎಲ್‌ಪಿ (ಗ್ರಾಮಫೋನ್ ತಟ್ಟೆಯಂಥ ದೊಡ್ಡ ವಿನೈಲ್ ರೆಕಾರ್ಡು) ಕೆಟ್ಟದ್ದು ಅಂತಲ್ಲ. ನಮ್ಮನೆಯಲ್ಲಿ ಎರಡೂ ಇವೆ, ಎರಡೂ ಚಿಕ್ಕಮಗಳೂರಿನ ಸಾಕಷ್ಟು ಮಳೆಗಾಲ ಕಂಡಿವೆ. ಎರಡೂ ಕಡೆಯ ಕಂಪನಿಗಳ ಕಸುಬು ಮೇಲ್ನೋಟಕ್ಕೆ ಒಂದೇ: ಹಳೆಯ ಟೇಪನ್ನೋ ನೆಗೆಟಿವನ್ನೋ ಹುಡುಕಿ ತೆಗೆಯುವುದು, ಚೊಕ್ಕ ಮಾಡುವುದು, ದಪ್ಪ ರಟ್ಟಿನ ಪೆಟ್ಟಿಗೆಗೆ ಹಾಕಿ ದುಬಾರಿ ಬೆಲೆಗೆ ಮಾರುವುದು. ಆದರೆ ಒಳಗೆ ಏನು ನಡೆಯಿತು ಅಂತ ಒಬ್ಬರು ಹೇಳುತ್ತಾರೆ, ಇನ್ನೊಬ್ಬರಿಗೆ ಬಾಯಿ ಬಿಡಿಸಬೇಕು.

ಒಳ್ಳೆಯ ಸಿನಿಮಾಗಳನ್ನು ಡಿಸ್ಕಿನಲ್ಲಿ ತರುವ ಅಮೆರಿಕದ ಕಂಪನಿ ಕ್ರೈಟೀರಿಯನ್‌ನವರ ಅಪು ಚಿತ್ರತ್ರಯದ ಪೆಟ್ಟಿಗೆ ನೋಡಿ. ಸತ್ಯಜಿತ್ ರಾಯ್ ಅವರ ಈ ಸಿನಿಮಾಗಳ ಮೂಲ ನೆಗೆಟಿವ್ 1993ರಲ್ಲಿ ಲಂಡನ್ನಿನ ಲ್ಯಾಬೊಂದರಲ್ಲಿ ಬೆಂಕಿಗೆ ಸಿಕ್ಕಿತು. ಸುಟ್ಟು ಸುರುಟಿದ ರೀಲುಗಳನ್ನು ಅಮೆರಿಕದ ಅಕಾಡೆಮಿ ಫಿಲ್ಮ್ ಆರ್ಕೈವ್ ಎಸೆಯದೆ ಇಟ್ಟುಕೊಂಡಿತ್ತು. ಮುಟ್ಟಿದರೆ ಮುರಿಯುವಂತಿದ್ದ ಆ ಫಿಲ್ಮಿಗೆ ಇಟಲಿಯ ಬೊಲೋನ್ಯಾದ ಲಿಮ್ಮಾಜಿನೆ ರಿತ್ರೊವಾತಾ ಲ್ಯಾಬಿನವರು ತೇವ ಕೊಟ್ಟು ಮೆದು ಮಾಡಿದರು, ಹರಿದಲ್ಲಿ ಕೈಯಾರೆ ಜೋಡಿಸಿದರು, ಆಮೇಲೆ 4ಕೆ ಸ್ಕ್ಯಾನ್ ಮಾಡಿದರು. ‘ಪಥೇರ್ ಪಾಂಚಾಲಿ’ಯಲ್ಲಿ ಶೇಕಡಾ 40ರಷ್ಟು ಮಾತ್ರ ಮೂಲ ನೆಗೆಟಿವ್‌ನಿಂದ ಬಂದದ್ದು. ಮೂರನೆಯ ಚಿತ್ರದ ನೆಗೆಟಿವ್ ಬಳಸಲಿಕ್ಕೇ ಆಗಲಿಲ್ಲ, ಬೇರೆ ಪ್ರತಿಗಳಿಂದ ತೆಗೆದರು. ಇದನ್ನೆಲ್ಲ ಅವರು ಮುಚ್ಚಿಡಲಿಲ್ಲ. ಎಷ್ಟು ಸುಟ್ಟಿತು, ಎಷ್ಟು ಉಳಿಯಿತು ಅನ್ನುವುದನ್ನೇ ಹೆಮ್ಮೆಯಿಂದ ಹೇಳಿಕೊಂಡರು. ಹಾಸನದಿಂದ ಬಂದಿದ್ದ ನಮ್ಮ ಭಾವನಿಗೆ ಈ ಕಥೆ ಹೇಳಿ ಡಿಸ್ಕ್ ಹಾಕಿದೆ. ಅರ್ಧ ಸಿನಿಮಾ ಆದ ಮೇಲೆ, “ಎಲ್ಲಿ ಸುಟ್ಟಿದೆ ತೋರಿಸು ಮಾರಾಯ, ಆಗಿಂದ ಹುಡುಕ್ತಾ ಇದೀನಿ” ಅಂದರು. ಇದಕ್ಕಿಂತ ದೊಡ್ಡ ಪ್ರಶಸ್ತಿ ಪತ್ರ ಆ ಲ್ಯಾಬಿಗೆ ಬೇಡ.

ಸಂಗೀತದ ಕಡೆಯೂ ಬೆಂಕಿ ಬಿದ್ದಿದೆ. 2008ರ ಜೂನ್ 1ರಂದು ಹಾಲಿವುಡ್‌ನ ಯುನಿವರ್ಸಲ್ ಸ್ಟುಡಿಯೋ ಆವರಣ ಹೊತ್ತಿಕೊಂಡಾಗ ಅಲ್ಲಿದ್ದ ಮಾಸ್ಟರ್ ಟೇಪುಗಳೂ, ಅಂದರೆ ಹಾಡುಗಳ ಮೂಲ ಧ್ವನಿಮುದ್ರಣದ ಟೇಪುಗಳೂ, ಸುಟ್ಟವು. ಅದರ ಅಗಾಧತೆ ಹೊರಜಗತ್ತಿಗೆ ಗೊತ್ತಾದದ್ದು 2019ರಲ್ಲಿ, ನ್ಯೂಯಾರ್ಕ್ ಟೈಮ್ಸ್ ಬರೆದಾಗ. ಹನ್ನೊಂದು ವರ್ಷ!

ಇನ್ನು ಹಳೆಯ ಸಂಗೀತವನ್ನು ಎಲ್‌ಪಿಯಾಗಿ ಮರುಮುದ್ರಿಸುವ ಅಮೆರಿಕದ ಕಂಪನಿ ಮೊಬೈಲ್ ಫಿಡೆಲಿಟಿಯ ಪ್ರಕರಣ. ಎಲ್‌ಪಿ ಮಾಡುವ ಮಾಮೂಲಿ ದಾರಿ ಹೀಗೆ: ಲ್ಯಾಕರ್ ಬಿಲ್ಲೆಯ ಮೇಲೆ ಗೆರೆ ಕೊರೆಯುತ್ತಾರೆ, ಅದಕ್ಕೆ ಲೋಹದ ಲೇಪ ಕೊಟ್ಟು ‘ಫಾದರ್’, ಅದರಿಂದ ‘ಮದರ್’, ಅದರಿಂದ ಅಚ್ಚು ಒತ್ತುವ ಸ್ಟ್ಯಾಂಪರ್. ಇವರ ‘ಒನ್ ಸ್ಟೆಪ್’ ಸರಣಿಯಲ್ಲಿ ನಡುವಿನ ಎರಡು ಮೆಟ್ಟಿಲು ಇಲ್ಲ, ಲ್ಯಾಕರ್‌ನಿಂದ ನೇರ ಸ್ಟ್ಯಾಂಪರ್. ಆಗ ಹೆಚ್ಚಿನವುಗಳ ಬೆಲೆ 125 ಡಾಲರ್. ಆದರೆ ಈ ದಾರಿಯಲ್ಲಿ ಒಂದು ಲ್ಯಾಕರ್‌ನಿಂದ ಬರುವ ಪ್ರತಿಗಳು ಕಡಿಮೆ, ಮತ್ತೆ ಮತ್ತೆ ಕೊರೆಯಬೇಕು. ಹಾಗಿರುವಾಗ ಮೈಕೆಲ್ ಜಾಕ್ಸನ್‌ನ ‘ಥ್ರಿಲ್ಲರ್’ 40,000 ಪ್ರತಿ ತರುತ್ತೇವೆ ಅಂದರು. ಅಷ್ಟು ಸಲ ಮೂಲ ಟೇಪು ಓಡಿಸಲು ಯಾರು ಬಿಡುತ್ತಾರೆ ಅಂತ ಜನ ಲೆಕ್ಕ ಹಾಕತೊಡಗಿದರು. 2022ರ ಜುಲೈನಲ್ಲಿ ನಿಜ ಹೊರಬಿತ್ತು: ಡಿಜಿಟಲ್ ಸೋಂಕದ ಪೂರ್ತಿ ಅನಲಾಗ್ ಅಂತ ಜನ ನಂಬಿ ಕೊಳ್ಳುತ್ತಿದ್ದ ಈ ಕಂಪನಿಯ ರೆಕಾರ್ಡುಗಳಲ್ಲಿ ಎಷ್ಟೋವನ್ನು, ಎಷ್ಟೋ ವರ್ಷಗಳಿಂದ ಮೂಲ ಟೇಪನ್ನು ಡಿಎಸ್‌ಡಿ ಎಂಬ ಡಿಜಿಟಲ್ ರೂಪಕ್ಕೆ ಇಳಿಸಿಕೊಂಡು ಅದರಿಂದಲೇ ಕೊರೆಯುತ್ತಿದ್ದರು. ಮೊಕದ್ದಮೆ ಆಯಿತು, 2.5 ಕೋಟಿ ಡಾಲರ್‌ಗೆ ರಾಜಿಯಾಯಿತು.

ನನಗೆ ತಮಾಷೆ ಅನಿಸುವುದು ಇದೇ. ಮೂಲ ಸವೆಯಬಾರದು ಅಂತ ಒಮ್ಮೆ ಡಿಜಿಟಲ್‌ಗೆ ಇಳಿಸಿಕೊಂಡು ಕೆಲಸ ಮಾಡುವುದು ಬುದ್ಧಿವಂತರ ದಾರಿ. ಬೊಲೋನ್ಯಾದವರು ಮಾಡಿದ್ದೂ ಅದನ್ನೇ, ಅವರಿಗೆ ಚಪ್ಪಾಳೆ ಬಿತ್ತು. ಇವರು ಅದನ್ನೇ ಸದ್ದಿಲ್ಲದೆ ಮಾಡಿ ಕೋರ್ಟಿಗೆ ಹೋದರು. ಅನಲಾಗ್ ಅಲ್ಲದ್ದನ್ನು ಕಿವಿಯಲ್ಲೇ ಕಂಡುಹಿಡಿಯುತ್ತೇವೆ ಅನ್ನುತ್ತಿದ್ದ ಪಂಡಿತರು ಅಷ್ಟು ವರ್ಷ ಅವೇ ರೆಕಾರ್ಡುಗಳನ್ನು ಹೊಗಳಿದ್ದರು. ನಿಜವಾಗಿಯೂ ಚೆನ್ನಾಗಿಯೇ ಕೇಳಿಸುತ್ತವೆ ಅವು. ಈಗ ಮೂಲ ಯಾವುದು ಅಂತ ಕಂಪನಿಯೇ ತಿಳಿಸುತ್ತದೆ.

ಎಲ್‌ಪಿಯಲ್ಲಿ ಕಣ್ಣುಮುಚ್ಚಿ ಕೊಳ್ಳಬಹುದಾದದ್ದು ಜಾಝ್ ಸಂಗೀತದ ಕಂಪನಿ ಬ್ಲೂ ನೋಟ್‌ನ ‘ಟೋನ್ ಪೊಯೆಟ್’ ಸರಣಿ. 2019ರಲ್ಲಿ ಶುರುವಾದದ್ದು. ಜೋ ಹಾರ್ಲಿ ಉಸ್ತುವಾರಿ, ಕೆವಿನ್ ಗ್ರೇ ಮೂಲ ಟೇಪಿನಿಂದ ಕೊರೆಯುವುದು, ಅಚ್ಚು ಕ್ಯಾಲಿಫೋರ್ನಿಯಾದ ಆರ್‌ಟಿಐ ಎಂಬ ರೆಕಾರ್ಡು ಕಾರ್ಖಾನೆಯಲ್ಲಿ. ಯಾರು ಏನು ಮಾಡಿದರು ಅಂತ ಗೊತ್ತಿರುವ ಸಮಾಧಾನ ಇದೆ, ಬೆಲೆಯೂ ಒನ್ ಸ್ಟೆಪ್‌ನ ಅರ್ಧಕ್ಕಿಂತ ಕಡಿಮೆ. ಆದರೂ ಎಲ್‌ಪಿ ಎಲ್‌ಪಿಯೇ. ಇನ್ನೊಂದು ಕಂಪನಿಯ, ಹೆಸರು ಬೇಡ, ದುಬಾರಿ ಪ್ರತಿಯೊಂದರ ನಡುವಿನ ತೂತೇ ಓರೆಯಾಗಿತ್ತು. ಪಿಯಾನೋ ಉದ್ದಕ್ಕೂ ಅಳುತ್ತಿತ್ತು. ಅಮೆರಿಕಕ್ಕೆ ವಾಪಸು ಕಳಿಸುವ ಖರ್ಚು ಯೋಚಿಸಿ ಸುಮ್ಮನಾದೆ. ಕೋಲ್ಕತ್ತದ ಡಮ್‌ಡಮ್‌ನಲ್ಲಿ ಅಚ್ಚಾದ ನಮ್ಮ ಹಳೇ ಎಚ್‌ಎಂವಿ ಇಪಿಗಳು (ಪುಟ್ಟ ರೆಕಾರ್ಡುಗಳು) ಚರಪರ ಅಂದರೂ ನಡು ತಪ್ಪಿಲ್ಲ.

ಡಿಸ್ಕಿಗೆ ಬೇರೆ ತಲೆನೋವು. ಬ್ಲೂ-ರೇ ಡಿಸ್ಕುಗಳಿಗೆ ದೇಶಗಳ ವಲಯಕ್ಕೆ ತಕ್ಕಂತೆ ಬೀಗ ಹಾಕಿರುತ್ತಾರೆ, ಭಾರತ ಸಿ ವಲಯ. ಕ್ರೈಟೀರಿಯನ್ ಅಮೆರಿಕದಲ್ಲಿ ತರುವುದು ಎ ವಲಯಕ್ಕೆ, ಇಂಗ್ಲೆಂಡಿನ ಬಹುಪಾಲು ಲೇಬಲ್‌ಗಳದ್ದು ಬಿ. ಎಲ್ಲ ವಲಯ ಓದುವ ಪ್ಲೇಯರ್ ಇಲ್ಲದಿದ್ದರೆ ಡಿಸ್ಕ್ ಬರೀ ಕನ್ನಡಿ. 4ಕೆ ಡಿಸ್ಕಿಗೆ ಈ ಬೀಗ ಇಲ್ಲ, ಆದರೆ ಕ್ರೈಟೀರಿಯನ್‌ನವರು ಸಂದರ್ಶನ ಮುಂತಾದ ಒಳ್ಳೊಳ್ಳೆ ಸಾಮಗ್ರಿಯನ್ನು ಜೊತೆಗಿನ ಬ್ಲೂ-ರೇಯಲ್ಲಿ ಇಟ್ಟಿರುತ್ತಾರೆ. ಬಣ್ಣದ ಸಿನಿಮಾಗಳಲ್ಲಿ ಇದೇ ಬೊಲೋನ್ಯಾ ಲ್ಯಾಬಿನ ಕೆಲಸ ಹಳದಿಗೆ ತಿರುಗುತ್ತದೆ ಅನ್ನುವ ದೂರು ಹಳೆಯದು, ನನ್ನ ಕಣ್ಣಿಗೂ ಕೆಲವು ಹಾಗೇ ಕಂಡಿವೆ. ಕಪ್ಪು-ಬಿಳುಪಿಗೆ ಆ ಭಯವಿಲ್ಲ. ಹಾಗಾಗಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಅಲ್ಲೇ 4ಕೆಗೆ ಸಿದ್ಧವಾಗಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಾಗ ನನಗೆ ಖುಷಿಯಷ್ಟೇ ಆಯಿತು, ಅಳುಕಲಿಲ್ಲ. ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿಯವರ ಫಿಲ್ಮ್ ಫೌಂಡೇಶನ್ ಮತ್ತು ನಮ್ಮ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ ಮಾಡಿದ ಕೆಲಸ ಅದು. ಡಿಸ್ಕ್ ಯಾರೇ ತಂದರೂ ನನ್ನದೊಂದು ಪ್ರತಿ ಎತ್ತಿಡಲಿ.

ಮಲೆನಾಡಿನವರಿಗೆ ಕೊನೆಯದಾಗಿ. ಬೂಷ್ಟು ಹಿಡಿಯುವುದು ರೆಕಾರ್ಡಿಗಿಂತ ಮೊದಲು ಕಾಗದದ ಒಳಚೀಲಕ್ಕೆ. ಬಂದ ದಿನವೇ ಅದನ್ನು ಬದಲಿಸಿ ಪ್ಲಾಸ್ಟಿಕ್ ಒಳಪದರದ್ದು ಹಾಕಿ, ಗೋಡೆಗೆ ತಾಗದ ಹಾಗೆ ನೆಟ್ಟಗೆ ನಿಲ್ಲಿಸಿ, ಕಪಾಟಿನಲ್ಲಿ ಸಿಲಿಕಾ ಜೆಲ್ ಇಡಿ. ಬಲ್ಬ್ ಉರಿಸಿಡುವ ಹಳೇ ಉಪಾಯ ಬೇಡ, ಕಾವಿಗೆ ರೆಕಾರ್ಡು ಡೊಂಕಾಗುತ್ತದೆ. ಜುಲೈನಲ್ಲಿ ಹೆಂಚಿನ ಮೇಲೆ ಮಳೆ ಹೊಡೆಯುವಾಗ ಕೆವಿನ್ ಗ್ರೇಗೂ ಆಕಾಶವಾಣಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಆಗ ಸಿನಿಮಾ ನೋಡಿ, ಸಬ್‌ಟೈಟಲ್ ಹೇಗೂ ಇರುತ್ತದೆ. ಎಲ್‌ಪಿ ಆರ್ಡರ್ ಮಾಡುವುದಿದ್ದರೆ ಮಳೆ ಬಿಟ್ಟ ಮೇಲೆ ಮಾಡಿ.